ಗಡಿಯಾರ ಮುಂದಕ್ಕೆ, ನಿದ್ದೆ ಹಿಂದಕ್ಕೆ

ವರ್ಷಕ್ಕೆ ಎರಡು ಸಲ ಈ ಅಮೆರಿಕದವರು ಹಗಲಿನ ಬೆಳಕು ಉಳಿಸಲೆಂದು ಗಡಿಯಾರವನ್ನು ಹಿಡಿದು ಒಂದು ಗಂಟೆ ತಿರುಗಿಸುತ್ತಾರೆ, ಎರಡು ಸಲವೂ ನನ್ನ ಸುತ್ತಮುತ್ತ ಏನಾದರೊಂದು ಎಡವಟ್ಟು ಆಗಿಯೇ ಆಗುತ್ತದೆ. ನವೆಂಬರಿನಲ್ಲಿ ಒಂದು ಗಂಟೆ ವಾಪಸು ಕೊಡುತ್ತಾರಂತೆ. ಅದು ಯಾವ ತಾಯಿಯ ಕೈಗೂ ಸಿಕ್ಕಿದ್ದನ್ನು ನಾನು ಕಂಡಿಲ್ಲ. ಮಾರ್ಚಿನಲ್ಲಿ ಒಂದು ಗಂಟೆ ಕಿತ್ತುಕೊಳ್ಳುತ್ತಾರೆ. ಅದು ಮಾತ್ರ ನೇರವಾಗಿ ನನ್ನ ಸೊಂಟದಿಂದಲೇ ಹೋಗುತ್ತದೆ.

ನಾನು ಶಾಮ್‌ಬರ್ಗ್ ಅನ್ನುವ ಊರಿನಲ್ಲಿ ಮನೆಯಲ್ಲೇ ಡೇಕೇರ್ ನಡೆಸುತ್ತೇನೆ. ಎಸ್ಸೆಸ್ಸೆಲ್ಸಿ ದಾಟದವಳು. ಇಂಗ್ಲಿಷನ್ನು ಮಕ್ಕಳ ಚಿತ್ರಪುಸ್ತಕಗಳನ್ನು ಗಟ್ಟಿಯಾಗಿ ಓದಿ ಓದಿ ಕಲಿತೆ, ತಪ್ಪಿದ ಕಡೆ ಮೂರು ವರ್ಷದ ಮಕ್ಕಳೇ ತಿದ್ದಿದರು. ಈಗ ಲೈಬ್ರರಿಯಿಂದ ದಪ್ಪ ಪುಸ್ತಕಗಳನ್ನೇ ಹೊತ್ತು ತರುತ್ತೇನೆ. ಯಾರ ಮುಂದೂ ಕೈಚಾಚದೆ ಕಟ್ಟಿಕೊಂಡ ಕೆಲಸ ಇದು. ಆದ್ದರಿಂದ ಒಂದು ಮಾತನ್ನು ಎಲ್ಲರೆದುರೂ ಜಂಬದಿಂದಲೇ ಹೇಳಿಕೊಂಡು ಬಂದಿದ್ದೆ: ನಾನು ಮಲಗಿಸಲಾರದ ಜೀವ ಇನ್ನೂ ಹುಟ್ಟಿಲ್ಲ. ಕಳೆದ ಮಾರ್ಚಿನಲ್ಲಿ ಆ ಮಾತಿಗೆ ಒದಗಿದ ಗತಿಯನ್ನು ಹೇಳುತ್ತೇನೆ.

ಇಬ್ಬರ ಮಾತೂ ನಡೆಯಿತು

ಗಡಿಯಾರ ತಿರುಗಿಸುವುದು ಭಾನುವಾರ. ನನ್ನ ಮನೆ ಬಾಗಿಲಿಗೆ ಅದರ ಫಲ ಬರುವುದು ಸೋಮವಾರ ಬೆಳಿಗ್ಗೆ. ಮಕ್ಕಳು ಒಂದು ಕಾಲಿಗೆ ಬೂಟು, ಇನ್ನೊಂದಕ್ಕೆ ಬರೀ ಕಾಲುಚೀಲ ಹಾಕಿಕೊಂಡು ಬರುತ್ತವೆ. ಅಪ್ಪ ಅಮ್ಮಂದಿರ ಮುಖ ನೋಡಿದರೆ ಅವರನ್ನೂ ಒಳಗೆ ಕರೆದು ಹಾಸಿಗೆ ಹಾಸಿ ಕೊಡೋಣ ಅನ್ನಿಸುತ್ತದೆ.

ಆ ಸೋಮವಾರ ಐ.ಟಿ. ಕೆಲಸದ ಒಬ್ಬ ಹುಡುಗ ತನ್ನ ಮಗನನ್ನು ತಂದು ಬಿಟ್ಟ. "ಆಂಟಿ, ದಮ್ಮಯ್ಯ, ಇವತ್ತು ಮಧ್ಯಾಹ್ನ ಇವನನ್ನ ಮಲಗಿಸ್ಬೇಡಿ. ಮಲಗಿಸಿದ್ರೆ ರಾತ್ರಿ ನಮಗೆ ಶಿವರಾತ್ರಿ" ಎಂದ.

ಅವನ ಕಾರು ತಿರುವಿನಲ್ಲಿ ಮರೆಯಾಗುವ ಮೊದಲೇ ಅವನ ಹೆಂಡತಿಯ ಮೆಸೇಜು ಬಂತು. "ಆಂಟಿ, ಪ್ಲೀಸ್, ಇವತ್ತು ಜಾಸ್ತಿ ಹೊತ್ತು ಮಲಗಿಸಿ. ಸರಿಯಾಗಿ ನಿದ್ದೆ ಆಗಿಲ್ಲ."

ಒಂದೇ ಮನೆಯವರು, ಒಂದೇ ಮಂಚದವರು. ನಾನು ಯಾರ ಮಾತು ಕೇಳಲಿ? ಮಗುವನ್ನೇ ಕೇಳಿದೆ. ಅದು "ನೋ" ಎಂದಿತು.

ಸಂಜೆ ಆ ಹುಡುಗ ಮಗನನ್ನು ಕರೆದೊಯ್ಯಲು ಬಂದ. ಬೂಟು ಹಾಕಿಸಲು ಮಕ್ಕಳ ಪುಟ್ಟ ಕುರ್ಚಿಯ ಮೇಲೆ ಕುಳಿತ. ನಾನು ಒಳಗೆ ಹೋಗಿ ಊಟದ ಡಬ್ಬ ತರುವಷ್ಟರಲ್ಲಿ ನೇತುಹಾಕಿದ ಕೋಟುಗಳಿಗೆ ತಲೆ ಆನಿಸಿ, ಕೈಯಲ್ಲಿ ಬೂಟು ಹಿಡಿದಂತೆಯೇ ಗೊರಕೆ ಹೊಡೆಯುತ್ತಿದ್ದ. ಮಗು ಪಕ್ಕದಲ್ಲಿ ಕಾಲು ಚಾಚಿಕೊಂಡು ತಾಳ್ಮೆಯಿಂದ ಕಾಯುತ್ತಿತ್ತು. ನಾನು ಆನೆ ಚಿತ್ರದ ಹೊದಿಕೆ ತಂದು ಅಪ್ಪನ ಮೇಲೆ ಹೊದಿಸಿದೆ.

ಅವನು ಮಲಗಿಸಬೇಡಿ ಎಂದಿದ್ದ, ಅವಳು ಮಲಗಿಸಿ ಎಂದಿದ್ದಳು. ಇಬ್ಬರ ಮಾತನ್ನೂ ನಡೆಸಿಕೊಟ್ಟೆ.

ನಾಯಿ ಇರುವ ಎಕ್ಸ್‌ಪರ್ಟ್

ಅದೇ ಸೋಮವಾರ ರಾತ್ರಿ, ದೊಡ್ಡ ಸರೋವರದಾಚೆಯ ಮಿಶಿಗನ್ ರಾಜ್ಯದ ಪ್ಲಿಮತ್‌ನಿಂದ ಮಗಳ ಫೋನು. ಅವಳು ಅಲ್ಲಿ ಕಾರಿನ ಬಿಡಿಭಾಗ ಮಾಡುವ ಕಂಪನಿಯಲ್ಲಿ ಇಂಜಿನಿಯರು. ಆಗಷ್ಟೇ ದೊಡ್ಡ ಹುದ್ದೆ ಸಿಕ್ಕಿತ್ತು. ಶುಕ್ರವಾರ ಬೆಳಿಗ್ಗೆ ಜರ್ಮನಿಯ ಮೇಲಧಿಕಾರಿಗಳ ಎದುರು ಅವಳ ಮೊದಲ ಪ್ರೆಸೆಂಟೇಶನ್. ಅದನ್ನು ತಯಾರು ಮಾಡಲು ಇದ್ದದ್ದು ನನ್ನ ಮೊಮ್ಮಗಳು ಮಲಗಿದ ಮೇಲಿನ ಹೊತ್ತು ಮಾತ್ರ.

"ಅಮ್ಮ, ಅವಳು ಮಲಗ್ತಾನೇ ಇಲ್ಲ. ಮುಂಚೆ ಎಂಟಕ್ಕೆ ಗೊಂಬೆ ಥರ ಮಲಗ್ತಿದ್ದಳು. ಈಗ ಮತ್ತೆ ಮತ್ತೆ ಮೆಟ್ಟಿಲು ಇಳಿದು ಬರ್ತಾಳೆ. ನೀರು ಬೇಕು ಅಂತಾಳೆ, ಸೂಸು ಅಂತಾಳೆ, ಡೈನೋಸಾರ್‌ಗೆ ಬೇಜಾರಾಗಿದೆ ಅಂತಾಳೆ. ಒಂಬತ್ತು ದಾಟತ್ತೆ. ಆಮೇಲೆ ನಾನೇ ಕಂಪ್ಯೂಟರ್ ಮುಂದೆ ತೂಕಡಿಸ್ತೀನಿ."

"ಎರಡು ದಿನ ಆಯ್ತು ಅಷ್ಟೇ. ಸರಿಹೋಗತ್ತೆ."

"ಶುಕ್ರವಾರದೊಳಗೆ ಸರಿಹೋಗತ್ತಾ? ನಾನು ಶನಿವಾರಕ್ಕೆ ಸ್ಲೀಪ್ ಕನ್ಸಲ್ಟೆಂಟ್ ಬುಕ್ ಮಾಡಿದೀನಿ. ಅದಕ್ಕೂ ಮುಂಚೆ ಸಿಗಲಿಲ್ಲ."

"ಹಾಗಂದ್ರೆ ಏನು?"

"ಮನೆಗೆ ಬಂದು ಮಗುನ ಹೇಗೆ ಮಲಗಿಸ್ಬೇಕು ಅಂತ ಹೇಳಿಕೊಡ್ತಾರೆ."

ನನ್ನ ಹೊಟ್ಟೆಯಲ್ಲಿ ಹುಟ್ಟಿದವಳು, ಡೇಕೇರಿನ ಮಕ್ಕಳ ಗುಂಪಿನಲ್ಲೇ ಮಲಗಿ ಎದ್ದು ಬೆಳೆದವಳು, ಮಗುವನ್ನು ಮಲಗಿಸಲು ಹೊರಗಿನಿಂದ ಜನ ಕರೆಸುತ್ತಾಳೆ.

"ಅವರಿಗೆ ಮಕ್ಕಳೆಷ್ಟು?"

"ಇಲ್ಲ ಅನ್ಸತ್ತೆ. ಸರ್ಟಿಫಿಕೇಟ್ ಇದೆ. ಫೋಟೋದಲ್ಲಿ ಒಂದು ನಾಯಿ ಇದೆ. ಅಮ್ಮ, ರಿಸರ್ಚ್ ಪ್ರಕಾರ ಮಾಡ್ತಾರೆ ಇವರೆಲ್ಲ."

"ಆ ಪುಸ್ತಕಗಳನ್ನ ನಾನೂ ಓದಿದೀನಿ. ಅವನ್ನ ಬರೆದವರಿಗೆ ಅಜ್ಜಿ ಇರಲಿಲ್ಲ. ನಾಳೆ ಹೊರಟು ಬರ್ತೀನಿ. ಗುರುವಾರ ಸಂಜೆ ಎಂಟಕ್ಕೆ ನಿನ್ನ ಮಗಳು ಮಲಗಿರ್ತಾಳೆ."

"ಮಲಗದೆ ಇದ್ರೆ ಕನ್ಸಲ್ಟೆಂಟ್ ಬರ್ತಾರೆ. ಆಗ ನೀನು ಬೇಜಾರು ಮಾಡ್ಕೋಬಾರ್ದು."

"ಸರಿ. ಅವರ ನಾಯಿ ಎಷ್ಟು ಗಂಟೆಗೆ ಮಲಗತ್ತೆ ಅಂತ ಕೇಳಿಟ್ಟಿರು" ಎಂದು ಫೋನಿಟ್ಟೆ.

ಯಾವ ಊರಿನ ವಾಚು

ಮಕ್ಕಳನ್ನು ನನ್ನ ಜೊತೆ ಕೆಲಸ ಮಾಡುವ ಹೆಂಗಸಿಗೆ ಒಪ್ಪಿಸಿ ಮಂಗಳವಾರ ಒಬ್ಬಳೇ ಡ್ರೈವ್ ಮಾಡಿಕೊಂಡು ಹೊರಟೆ. ಸರೋವರವನ್ನು ಬಳಸಿ ಹೋಗುವ ದಾರಿ. ಲಾರಿಗಳ ಸಾಲು, ಗಾಳಿ, ಸೊಂಟನೋವು. ಸಾಲದ್ದಕ್ಕೆ ಮಿಶಿಗನ್ ಒಳಗೆ ಕಾಲಿಟ್ಟರೆ ಗಡಿಯಾರ ಇನ್ನೊಂದು ಗಂಟೆ ಮುಂದೆ. ಭಾನುವಾರ ಸರಕಾರ ಒಂದು ಕಿತ್ತುಕೊಂಡಿತ್ತು, ಮಂಗಳವಾರ ಭೂಗೋಳ ಒಂದು ಕಿತ್ತುಕೊಂಡಿತು.

ನಾನು ಮಾತ್ರ ಕೈಗಡಿಯಾರ ಮುಟ್ಟಲಿಲ್ಲ. ಭಾನುವಾರವೂ ಮುಟ್ಟಿರಲಿಲ್ಲ. ಯಾರೋ ಹೇಳಿದರೆಂದು ನನ್ನ ವಾಚು ತಿರುಗಿಸುವವಳಲ್ಲ ನಾನು. ಮನಸ್ಸಿನಲ್ಲೇ ಕೂಡಿಸಿಕೊಂಡು ಕೆಲಸ ನಡೆಸುತ್ತೇನೆ. ನವೆಂಬರಿನಲ್ಲಿ ಹೇಗೂ ಅವರೇ ನನ್ನ ದಾರಿಗೆ ಬರುತ್ತಾರೆ.

ಮನೆ ಸೇರಿದಾಗ ಅಳಿಯ ಬಾಗಿಲು ತೆಗೆದ. ಸಾಧು ಮನುಷ್ಯ. ಎರಡು ರಾತ್ರಿಯ ನಿದ್ದೆ ಕಣ್ಣಲ್ಲೇ ನಿಂತಿತ್ತು. ನನ್ನ ಚೀಲ ಇಳಿಸಿಕೊಳ್ಳುವಾಗ ಕೈಗಡಿಯಾರ ಕಂಡಿತು.

"ಅತ್ತೆ, ನಿಮ್ಮ ವಾಚು ಐದು ತೋರಿಸ್ತಿದೆ. ಇಲ್ಲಿ ಏಳು."

"ಗೊತ್ತು."

"ಶಾಮ್‌ಬರ್ಗ್‌ನಲ್ಲೂ ಈಗ ಆರು ಅಲ್ವಾ? ಇದು ಯಾವ ಊರಿನ ಟೈಮು?"

"ನನ್ನದು" ಎಂದೆ. ಅವನು ಚೀಲ ಹೊತ್ತುಕೊಂಡು ಒಳಗೆ ನಡೆದ.

ಕಣಜ ಖಾಲಿಯಾಯಿತು

ಮೊಮ್ಮಗಳಿಗೆ ಮೂರೂವರೆ ವರ್ಷ. ನಾನು ಕನ್ನಡದಲ್ಲಿ ಕೇಳುತ್ತೇನೆ, ಅವಳು ಇಂಗ್ಲಿಷಿನಲ್ಲಿ ಹೇಳುತ್ತಾಳೆ, ಇಬ್ಬರಿಗೂ ಅಡ್ಡಿಯಿಲ್ಲ. ಊಟ, ಸ್ನಾನ ಮುಗಿಸಿ ಎಂಟಕ್ಕೆ ಮಹಡಿಯ ರೂಮಿಗೆ ಕರೆದೊಯ್ದೆ. ನನ್ನ ಪದ್ಧತಿ ಇಷ್ಟೇ. ಅಂಗಾಲಿಗೆ ಬೆಚ್ಚಗಿನ ಎಣ್ಣೆ, ಸಣ್ಣ ದೀಪ, ಒಂದು ಕತೆ. ಉಸಿರು ಭಾರವಾಗುವವರೆಗೆ ಕಾಯಬೇಕು. ಹೊರಗೆ ಬರುವಾಗ ಬೆನ್ನು ತಿರುಗಿಸಬಾರದು, ಮುಖ ಮಗುವಿನ ಕಡೆಗಿಟ್ಟು ಹಿಂದಕ್ಕೆ ಹೆಜ್ಜೆ ಇಡಬೇಕು. ಬೆನ್ನು ತೋರಿಸಿದರೆ ಕಣ್ಣು ಮುಚ್ಚಿಕೊಂಡಿದ್ದರೂ ಮಕ್ಕಳಿಗೆ ತಿಳಿದುಬಿಡುತ್ತದೆ.

ಕತೆ ಅಂದರೆ ನನ್ನ ಬ್ರಹ್ಮಾಸ್ತ್ರ, ಗುಬ್ಬಿ ಕತೆ. ಒಬ್ಬ ರಾಜನ ಕಣಜದ ತುಂಬ ಭತ್ತ. ಅದರಲ್ಲೊಂದು ಸಣ್ಣ ತೂತು. ಒಂದು ಗುಬ್ಬಿ ಬಂತು, ಒಂದು ಕಾಳು ಕಚ್ಚಿಕೊಂಡು ಪುರ್ ಅಂತ ಹಾರಿಹೋಯ್ತು. ಆಮೇಲೆ? ಇನ್ನೊಂದು ಗುಬ್ಬಿ ಬಂತು. ಆಮೇಲೆ? ಇನ್ನೊಂದು ಗುಬ್ಬಿ ಬಂತು. ಕಣಜ ದೊಡ್ಡದು, ಕತೆ ಮುಗಿಯುವಂಥದ್ದಲ್ಲ, ಮಗು ಮುಗಿಯುತ್ತದೆ.

ಮೊಮ್ಮಗಳು ನಾಲ್ಕೈದು ಗುಬ್ಬಿಗಳನ್ನು ಸುಮ್ಮನೆ ಕೇಳಿದಳು. ಆಮೇಲೆ ಎದ್ದು ಕುಳಿತಳು.

"ಅಜ್ಜಿ, ವೈ ಓನ್ಲಿ ಒನ್?"

"ಪುಟ್ಟ ಬಾಯಿ ಕಂದ. ಒಂದೇ ಕಾಳು ಹಿಡಿಯೋದು."

"ದೇ ನೀಡ್ ಅ ಟ್ರಕ್."

"ಗುಬ್ಬಿಗೆ ಟ್ರಕ್ ಓಡಿಸೋಕೆ ಬರಲ್ಲ."

"ಅಪ್ಪ ಕ್ಯಾನ್ ಡ್ರೈವ್" ಎಂದಳು. ಆಮೇಲೆ ಅವಳೇ ಮುಂದುವರಿಸಿದಳು. ಅಪ್ಪ ದೊಡ್ಡ ಟ್ರಕ್ಕು ತಂದ, ಹಿಂದಕ್ಕೆ ಬರುವಾಗ ಬೀಪ್ ಬೀಪ್ ಅಂದಿತು, ಗುಬ್ಬಿಗಳೆಲ್ಲ ಭತ್ತ ತುಂಬಿದವು, ಎಲ್ಲರಿಗೂ ಸೀಟ್ ಬೆಲ್ಟ್ ಹಾಕಿದ್ದಾಯಿತು, ದಿ ಎಂಡ್.

ಇಷ್ಟು ವರ್ಷ ಎಷ್ಟೋ ಮಕ್ಕಳು ಕೇಳಿದರೂ ತುಂಬಿಕೊಂಡೇ ಇದ್ದ ನನ್ನ ಕಣಜವನ್ನು ಕಾರು ಇಂಜಿನಿಯರಿನ ಮಗಳು ಒಂದೇ ಟ್ರಿಪ್ಪಿನಲ್ಲಿ ಖಾಲಿ ಮಾಡಿದಳು.

ಆಮೇಲೆ ನೀರು, ಸೂಸು, ಡೈನೋಸಾರಿನ ಬೇಜಾರು ಎಲ್ಲ ಆಯಿತು. ಒಂಬತ್ತಕ್ಕೆ ಕೆಳಗೆ ಅಳಿಯನ ಫೋನು ಹಾಡಿತು. ಮೈಸೂರಿನಿಂದ ಅವನ ತಾಯಿ, ಅಂದರೆ ನನ್ನ ಬೀಗಿತ್ತಿ, ದಿನವೂ ಮಾಡುವ ವಿಡಿಯೋ ಕಾಲ್. ಮಗು ಹಾರಿ ಎದ್ದು ಓಡಿತು. ಸ್ವಲ್ಪ ಹೊತ್ತಿಗೆ ಅಳಿಯ ಮಲಗಿದ್ದ ಮಗುವನ್ನು ಹೆಗಲ ಮೇಲೆ ಹಾಕಿಕೊಂಡು ಮೇಲೆ ಬಂದ.

"ನನ್ನ ಎಣ್ಣೆ ಕೆಲಸ ಮಾಡ್ತು" ಎಂದೆ. "ಸ್ವಲ್ಪ ತಡವಾಯ್ತು. ನಿಮ್ಮ ತಾಯಿ ಫೋನ್ ಮಾಡಿ ಎಬ್ಬಿಸದೆ ಇದ್ದಿದ್ರೆ ಇನ್ನೂ ಬೇಗ ಮಲಗ್ತಿದ್ದಳು."

ಪಾರ್ಸೆಲ್ ರೂಮು

ಬುಧವಾರ ಮೊಮ್ಮಗಳು ಕಿಟಕಿ ತೋರಿಸಿ ಹೇಳಿದಳು, ಹೊರಗೆ ಇನ್ನೂ ಬೆಳಕಿದೆ, ರಾತ್ರಿ ಆಗಿಲ್ಲ. ಅದೂ ನಿಜ. ಗಡಿಯಾರ ಮುಂದಕ್ಕೆ ಹೋದರೂ ಸೂರ್ಯನಿಗೆ ಯಾರೂ ಹೇಳಿರಲಿಲ್ಲ. ಅಳಿಯ ಅಡಿಗೆಮನೆಯಿಂದ ಅಲ್ಯೂಮಿನಿಯಂ ಫಾಯಿಲ್ ತಂದು ಎರಡೂ ಕಿಟಕಿಗೆ ಅಂಟಿಸಿದ. ರೂಮು ಒಳಗಿನಿಂದ ಬಿಸಿಬೇಳೆಬಾತಿನ ಪಾರ್ಸೆಲ್ ಹಾಗೆ ಕಂಡಿತು.

ಸ್ವಲ್ಪ ಹೊತ್ತಿಗೆ ಬಾಗಿಲು ತಟ್ಟಿದ ಸದ್ದು. ನಾಯಿ ಹಿಡಿದುಕೊಂಡ ಪಕ್ಕದ ಮನೆಯ ಮುದುಕಪ್ಪ. ನಿಮ್ಮ ಕಿಟಕಿ ಹೊಳೆಯುತ್ತಿದೆ, ಎಲ್ಲ ಕ್ಷೇಮ ತಾನೇ ಎಂದು ಮೆಲ್ಲಗೆ ಕೇಳಿದ. ನಾಯಿ ಕಂಡ ತಕ್ಷಣ ನಾನು ಮುಂದೆ ಹೋದೆ, ಶನಿವಾರದ ಕನ್ಸಲ್ಟೆಂಟ್ ಮೊದಲೇ ಬಂದುಬಿಟ್ಟನೇನೋ ಎಂದು. ಅಳಿಯ ಮಗುವಿನ ನಿದ್ದೆಯ ಕತೆ ಹೇಳಿದ. ಮುದುಕಪ್ಪ ಹೋಗಿ, ತನ್ನ ಮನೆಯಿಂದ ಇನ್ನೊಂದು ಫಾಯಿಲ್ ಸುರುಳಿ ತಂದು ಕೊಟ್ಟ. ಮರುದಿನ ಅವನ ಮನೆಗೂ ಮೊಮ್ಮಕ್ಕಳು ಬರುವವರಿದ್ದರಂತೆ. ಅರ್ಧ ಉಳಿಸಿ ವಾಪಸು ಕೊಡಿ ಎಂದ.

ಕಾಫಿ ಅಜ್ಜಿ

ಕತ್ತಲಾಯಿತು, ಎಣ್ಣೆಯಾಯಿತು. ಇನ್ನು ಅಡ್ಡಿ ಎಂದರೆ ಮೈಸೂರಿನ ಫೋನು. ಅದಕ್ಕೂ ನಾನು ವ್ಯವಸ್ಥೆ ಮಾಡಿದ್ದೆ. ಯಾರಿಗೂ ಹೇಳದೆ ಅಳಿಯನ ಫೋನನ್ನು ಸೈಲೆಂಟ್ ಮಾಡಿ ಅಕ್ಕಿ ಡಬ್ಬದ ಹಿಂದೆ ಇಟ್ಟಿದ್ದೆ.

ಒಂಬತ್ತಾಯಿತು. ಮನೆ ತಣ್ಣಗಿತ್ತು. ಮೊಮ್ಮಗಳು ಮಾತ್ರ ಪಾರ್ಸೆಲ್ ರೂಮಿನ ಕತ್ತಲಲ್ಲಿ ಎದ್ದು ಕುಳಿತಳು.

"ವೇರ್ ಈಸ್ ಕಾಫಿ ಅಜ್ಜಿ?"

ನಾನು ಶಾಮ್‌ಬರ್ಗ್ ಅಜ್ಜಿ, ಮೈಸೂರಿನವರು ಕಾಫಿ ಅಜ್ಜಿ. "ಅವರಿಗೆ ಕೆಲಸ ಇರಬೇಕು, ಮಲ್ಕೋ" ಎಂದೆ. ಮಗು ಅಳತೊಡಗಿದ್ದು ಕೇಳಿ, ಊಟದ ಮೇಜಿನ ಮೇಲೆ ಕಂಪ್ಯೂಟರ್ ಬಿಚ್ಚಿ ಕೂತಿದ್ದ ಮಗಳು ಎದ್ದು ಬಂದಳು, ಅಳಿಯ ಫೋನು ಹುಡುಕಲು ಸೋಫಾ ಎತ್ತಿದ. ಕೊನೆಗೆ ನಾನೇ ಹೋಗಿ ಅಕ್ಕಿ ಡಬ್ಬದ ಹಿಂದಿನಿಂದ ತಂದುಕೊಟ್ಟೆ. ಮಗಳು ನೋಡಿದ ನೋಟ ಸಾಕಾಗಿತ್ತು.

ಪರದೆಯ ಮೇಲೆ ಬೀಗಿತ್ತಿ ಬಂದರು. ಹಣೆಗೆ ಕುಂಕುಮ, ಕೈಯಲ್ಲಿ ಕಾಫಿ. "ಎಷ್ಟು ಸಲ ಫೋನ್ ಮಾಡಿದೆನೋ, ಕಾಫಿ ಆರಿಹೋಯ್ತು" ಎಂದು ಮಗನನ್ನು ಗದರಿ, ಲೋಟದಿಂದ ಬಟ್ಟಲಿಗೆ, ಬಟ್ಟಲಿನಿಂದ ಲೋಟಕ್ಕೆ ಎತ್ತಿ ಎತ್ತಿ ಸುರಿದರು. "ನೊರೆ ನೋಡು ಪುಟ್ಟಿ." ಪುಟ್ಟಿ ನೊರೆ ನೋಡಿದಳು. ಅವರು ಒಂದು ಗುಟುಕು ಕುಡಿದು, ಕಣ್ಣು ಮುಚ್ಚಿ ಒಂದು ಶ್ಲೋಕ ಹೇಳಿದರು. ಶ್ಲೋಕ ಮುಗಿಯುವ ಮೊದಲೇ ನನ್ನ ತೊಡೆಯ ಮೇಲೆ ಮಗು ಮರದ ಕೊರಡಿನ ಹಾಗೆ ಬಿದ್ದುಕೊಂಡಿತ್ತು.

ನಾನು ಸುಮ್ಮನೆ ಕೈಗಡಿಯಾರ ನೋಡಿದೆ. ಏಳು ದಾಟಿತ್ತು. ನನ್ನ ತಿರುಗಿಸದ ವಾಚಿನ ಏಳು. ಚಳಿಗಾಲವಿಡೀ ನಾನು ಶಾಮ್‌ಬರ್ಗ್‌ನಿಂದ ಏಳಕ್ಕೆ ಫೋನ್ ಮಾಡಿದಾಗಲೆಲ್ಲ ಮಗಳು ಹೇಳುತ್ತಿದ್ದದ್ದು ನೆನಪಾಯಿತು. "ಅಮ್ಮ, ಈಗ ಬೇಡ. ಮೈಸೂರಿನ ಫೋನ್ ಬಂದಿದೆ, ಇವಳು ಮಲಗೋ ಹೊತ್ತು."

ಇಂಡಿಯಾದಲ್ಲಿ ಗಡಿಯಾರ ತಿರುಗಿಸುವುದಿಲ್ಲ. ಬೀಗಿತ್ತಿಯ ಬೆಳಗಿನ ಕಾಫಿ ಆರೂವರೆಗೆ. ಶನಿವಾರದವರೆಗೆ ಅದು ಪ್ಲಿಮತ್‌ನ ರಾತ್ರಿ ಎಂಟು. ಭಾನುವಾರದಿಂದ ಒಂಬತ್ತು. ಅಮೆರಿಕ ಒಂದು ಗಂಟೆ ಮುಂದೆ ಓಡಿತ್ತು, ಕಾಫಿ ಇದ್ದಲ್ಲೇ ಇತ್ತು, ಮಗು ಕಾಫಿಗೆ ಕಾಯುತ್ತಿತ್ತು. ಅಂದರೆ ನನ್ನ ಎಣ್ಣೆಯೂ ಸೊನ್ನೆ, ಫಾಯಿಲೂ ಸೊನ್ನೆ.

ಲೈನು ಸರಿಯಿಲ್ಲ

ಉಪಾಯ ಒಂದೇ. ಬೀಗಿತ್ತಿ ಒಂದು ಗಂಟೆ ಬೇಗ ಏಳಬೇಕು. ಅದನ್ನು ಅವರಿಗೆ ಹೇಳುವವರು ಯಾರು? ಮಗಳು ಗಂಡನನ್ನು ನೋಡಿದಳು. ಅಳಿಯ ನೆಲ ನೋಡಿದ. "ಅತ್ತೆ, ನಮ್ಮಮ್ಮಂಗೆ ನಾನು ಹೇಳಿದ್ರೆ ಹೆಂಡತಿ ಹೇಳಿಸಿದ್ಲು ಅಂತಾರೆ" ಎಂದ. ಬೀಗಿತ್ತಿ ಇನ್ನೂ ಪರದೆಯ ಮೇಲೇ ಕಾಫಿ ಕುಡಿಯುತ್ತಿದ್ದರು. ನಾನೇ ಫೋನು ತೆಗೆದುಕೊಂಡೆ.

"ಬೀಗ್ರೇ, ಚೆನ್ನಾಗಿದೀರಾ?"

"ಚೆನ್ನಾಗಿದೀನಿ. ನೀವೇನು ಅಲ್ಲಿ?"

"ಮಗು ನಿದ್ದೆ ವಿಷಯ. ನಾಳೆಯಿಂದ ನೀವು ಐದೂವರೆಗೆ ಫೋನ್ ಮಾಡಿದ್ರೆ ಒಳ್ಳೇದಿತ್ತು."

"ಗಡಿಯಾರ ತಿರುಗಿಸಿಕೊಂಡೋರು ನೀವು. ಬೇಗ ಏಳೋದು ನಾನಾ?"

"ಶುಕ್ರವಾರ ನಿಮ್ಮ ಸೊಸೆ ಆಫೀಸಿನಲ್ಲಿ ದೊಡ್ಡ ಕಾರ್ಯಕ್ರಮ ಇದೆ. ಮಗು ಬೇಗ ಮಲಗಬೇಕು."

"ನೀವಿದೀರಲ್ಲ. ನಾನು ಮಲಗಿಸಲಾರದ ಜೀವ ಇಲ್ಲ ಅಂತ ಮದುವೆ ಮನೇಲೇ ಹೇಳಿದ್ರಿ. ಬೀಗರೌತಣದ ದಿನ, ಎಲೆ ಮುಂದೆ ಕೂತು."

"ಹೇಳಿದ್ದೆ."

"ಈಗ?"

ನನ್ನ ಪಕ್ಕದಲ್ಲಿ ಮಗಳು ಉಸಿರು ಹಿಡಿದು ನಿಂತಿದ್ದಳು. ಅವಳ ಕಣ್ಣಿನ ಕೆಳಗಿನ ಕಪ್ಪು ನೋಡಿದೆ. ಒಬ್ಬಳೇ ಕಾರು ಓಡಿಸುವುದನ್ನು ಕಲಿತಿದ್ದೇನೆ, ಒಬ್ಬಳೇ ಇಂಗ್ಲಿಷ್ ಕಲಿತಿದ್ದೇನೆ. ಈ ಒಂದು ವಾಕ್ಯ ಅವೆಲ್ಲಕ್ಕಿಂತ ಕಷ್ಟವಾಯಿತು.

"ಈಗ ನಿಮ್ಮ ಸಹಾಯ ಬೇಕು. ನನ್ನ ಕೈಲಿ ಆಗ್ತಿಲ್ಲ."

ಬೀಗಿತ್ತಿ ಲೋಟ ಕೆಳಗಿಟ್ಟರು. "ಇನ್ನೊಂದ್ಸಲ ಹೇಳಿ ಬೀಗ್ರೇ. ಲೈನು ಸರಿಯಿಲ್ಲ."

ಲೈನು ಎಷ್ಟು ಚೆನ್ನಾಗಿತ್ತೆಂದರೆ ಅವರ ಹಿಂದಿನ ಗೋಡೆಯ ಕ್ಯಾಲೆಂಡರಿನಲ್ಲಿ ಅವತ್ತಿನ ತಿಥಿ ಓದಬಹುದಿತ್ತು. ಆದರೂ ಇನ್ನೊಂದು ಸಲ ಹೇಳಿದೆ.

ಬರಿಯ ಲೋಟ

ಗುರುವಾರ ಸಂಜೆ ಎಂಟು ಹೊಡೆಯುತ್ತಿದ್ದಂತೆ ಫೋನು ಬಂತು. ಮೈಸೂರಿನಲ್ಲಿ ಇನ್ನೂ ನಸುಕು. ಬೀಗಿತ್ತಿ ಕೆದರಿದ ತಲೆಯಲ್ಲಿ, ಸೆರಗನ್ನು ತಲೆಯ ಮೇಲೆ ಹೊದ್ದು ಕುಳಿತಿದ್ದರು. ಕಣ್ಣು ಅರ್ಧ ತೆರೆದಿತ್ತು. ನೇರವಾಗಿ ಶ್ಲೋಕ ಶುರು ಮಾಡಿದರು.

"ನೋ" ಎಂದಳು ಮೊಮ್ಮಗಳು. "ವೇರ್ ಈಸ್ ಕಾಫಿ?"

"ಹಾಲಿನವನು ಇನ್ನೂ ಬಂದಿಲ್ಲ ಕಂದ."

"ನೋ ಕಾಫಿ, ನೋ ಸ್ಲೀಪ್."

ಕೆಳಗೆ ಮಗಳು ಮೇಜಿನ ಮುಂದೆ ಕೂತಿದ್ದಳು. ಬೆಳಗಾದರೆ ಅವಳ ಪ್ರೆಸೆಂಟೇಶನ್. ಇಲ್ಲಿ ಇವಳ ಕಾಲು ಆಗಲೇ ಮಂಚದಿಂದ ಇಳಿಯುತ್ತಿತ್ತು. ನಾನು ಫೋನಿಗೆ ಬಗ್ಗಿ "ಬೀಗ್ರೇ, ಹೇಗಾದ್ರೂ ಮಾಡಿ" ಎಂದೆ.

ಬೀಗಿತ್ತಿ ಎದ್ದು ಹೋದರು. ಪಾತ್ರೆ ಸದ್ದಾಯಿತು. ವಾಪಸು ಬಂದಾಗ ಎರಡು ಕೈಯಲ್ಲೂ ಲೋಟ, ಬಟ್ಟಲು, ಎರಡೂ ಖಾಲಿ. ಗಂಭೀರವಾಗಿ ಲೋಟವನ್ನು ತಲೆಯ ಮೇಲಕ್ಕೆತ್ತಿ, ಬಾಯಲ್ಲೇ ಸೊರ್ ಎಂದು ಸದ್ದು ಮಾಡುತ್ತಾ ಬಟ್ಟಲಿಗೆ ಇಲ್ಲದ ಕಾಫಿ ಸುರಿದರು. "ನೊರೆ ನೋಡು ಪುಟ್ಟಿ." ಪುಟ್ಟಿ ಬಗ್ಗಿ ನೋಡಿದಳು, ಒಪ್ಪಿದಳು. ಬೀಗಿತ್ತಿ ಗಾಳಿಯನ್ನು ಗುಟುಕರಿಸಿ, "ಬಿಸಿ ಬಿಸಿ" ಎಂದು ತುಟಿ ಸುಟ್ಟುಕೊಂಡರು. ಶ್ಲೋಕ ಎರಡನೇ ಸಾಲಿಗೆ ಬರುವಾಗ ಮಗು ಮಲಗಿತ್ತು. ನಾನು ಹಿಂದಕ್ಕೆ ಹೆಜ್ಜೆ ಇಡುತ್ತಾ ಹೊರಬಂದೆ.

ಮಗಳು ತಲೆಯೆತ್ತಿ "ಮಲಗಿದ್ಲಾ?" ಎಂದಳು. ತಲೆಯಾಡಿಸಿದೆ. ಅವಳು ಗಡಿಯಾರ ನೋಡಿ, ನನ್ನನ್ನು ನೋಡಿ, ಫೋನಿನಲ್ಲಿ ಕನ್ಸಲ್ಟೆಂಟನ್ನು ಕ್ಯಾನ್ಸಲ್ ಮಾಡಿದಳು. ಶುಕ್ರವಾರ ಮಧ್ಯಾಹ್ನ ಆಫೀಸಿನಿಂದಲೇ ಫೋನ್ ಮಾಡಿ, ಎಲ್ಲ ಚೆನ್ನಾಗಾಯಿತು ಎಂದಳು. ಮೊದಲು ಮೈಸೂರಿಗೆ ಹೇಳಿ, ಆಮೇಲೆ ನನಗೆ ಹೇಳಿದ್ದಳು. ನ್ಯಾಯವೇ.

ಆಮೇಲೆ

ನಾನು ಶಾಮ್‌ಬರ್ಗ್‌ಗೆ ಮರಳಿದೆ. ಸೋಮವಾರ ಸಂಜೆ ಮಕ್ಕಳನ್ನೆಲ್ಲ ಕಳಿಸಿ, ಪುಟ್ಟ ತಟ್ಟೆಗಳನ್ನು ತೊಳೆಯುತ್ತಾ, ಬೇಗ ಊಟ ಮಾಡಿ ಒರಗಿಕೊಳ್ಳೋಣ ಎಂದುಕೊಳ್ಳುತ್ತಿದ್ದೆ. ಫೋನು ಬಂತು. ಮೈಸೂರು.

"ಬೀಗ್ರೇ, ಮಗು ಮಲಗ್ತು."

"ಒಳ್ಳೇದಾಯ್ತು. ನಿಮ್ಮ ಉಪಕಾರ."

"ನಾನು ಎದ್ದಿದೀನಿ."

ನಾನು ನಲ್ಲಿ ನಿಲ್ಲಿಸಿದೆ.

"ಹಾಲು ಬಂದಿಲ್ಲ, ಪೇಪರ್ ಬಂದಿಲ್ಲ. ನಮ್ಮನೆಯವರು ಗೊರಕೆ ಹೊಡೀತಿದಾರೆ. ಹೊರಗೆ ಕತ್ತಲೆ. ನಾಲ್ಕೈದು ದಿನದಿಂದ ಹೀಗೇ ಗೋಡೆ ನೋಡ್ಕೊಂಡು ಕೂತಿದೀನಿ. ಎಬ್ಬಿಸಿದೋರು ನೀವು, ಮಲಗಿಸೋರೂ ನೀವೇ."

"ನಾನು ಹೇಗ್ರೀ ಮಲಗಿಸ್ಲಿ?"

"ಅದೇನೋ ಕತೆ ಹೇಳ್ತೀರಂತಲ್ಲ. ಹೇಳಿ."

"ಗುಬ್ಬಿ ಕತೆ. ನಿಮ್ಮ ಮೊಮ್ಮಗಳು ಟ್ರಕ್ಕು ತರಿಸಿ ಮುಗಿಸಿಬಿಟ್ಟಳು."

"ನಾನು ಟ್ರಕ್ಕು ತರಿಸಲ್ಲ."

ಮಾತು ಕೊಟ್ಟಮೇಲೆ ಮುಗಿಯಿತು. ಫೋನನ್ನು ಸ್ಪೀಕರಿಗೆ ಹಾಕಿ ಸಿಂಕಿನ ಪಕ್ಕ ಒರಗಿಸಿಟ್ಟು ಶುರು ಮಾಡಿದೆ. ರಾಜನ ಕಣಜ, ತೂತು, ಒಂದು ಗುಬ್ಬಿ ಬಂತು, ಒಂದು ಕಾಳು ಕಚ್ಚಿಕೊಂಡು ಪುರ್ ಅಂತ ಹೋಯ್ತು.

"ಆಮೇಲೆ?" ಎಂದರು ಬೀಗಿತ್ತಿ.

"ಇನ್ನೊಂದು ಗುಬ್ಬಿ ಬಂತು."

"ಆಮೇಲೆ?"

"ಇನ್ನೊಂದು ಗುಬ್ಬಿ ಬಂತು."

ತಟ್ಟೆಗಳೆಲ್ಲ ಒಣಗಿದವು. ಗುಬ್ಬಿಗಳು ಬರುತ್ತಲೇ ಇದ್ದವು. ನನ್ನ ಕಣ್ಣೇ ಎಳೆಯತೊಡಗಿತ್ತು. ಕೊನೆಗೊಂದು ಗುಬ್ಬಿಗೆ ಉತ್ತರ ಬರಲಿಲ್ಲ. ಕಿವಿಗೊಟ್ಟೆ. ಉಸಿರು ಭಾರವಾಗಿತ್ತು. ಅನುಭವಸ್ಥಳಾದ್ದರಿಂದ ಅವಸರ ಮಾಡಲಿಲ್ಲ, ಇನ್ನೂ ಸ್ವಲ್ಪ ಕಾದೆ. ನಾನು ಮಲಗಿಸಲಾರದ ಜೀವ ಇನ್ನೂ ಹುಟ್ಟಿಲ್ಲ. ದೀಪ ಆರಿಸಿ, ಮುಖವನ್ನು ಫೋನಿನ ಕಡೆಗೇ ಇಟ್ಟುಕೊಂಡು, ನನ್ನದೇ ಅಡಿಗೆಮನೆಯಿಂದ ಒಂದೊಂದೇ ಹೆಜ್ಜೆ ಹಿಂದಕ್ಕೆ ಇಡುತ್ತಾ ಬಾಗಿಲವರೆಗೆ ಬಂದೆ. ಇನ್ನು ಪರವಾಗಿಲ್ಲ ಎಂದು ಬೆನ್ನು ತಿರುಗಿಸಿದೆ.

ಸಿಂಕಿನ ಪಕ್ಕದಿಂದ ದನಿ ಬಂತು.

"ಆಮೇಲೆ?"